ಅಗಲ ಬೇಕಾದದ್ದು ಚಕ್ರಗಳ ನಡುವೆ

ಯುರೋಪಿನ ರಸ್ತೆಗಳಲ್ಲಿ ಕಾಣುವ ಅನೇಕ ಮೋಟರ್‌ಹೋಮ್‌ಗಳ ಮುಖ ಒಂದೇ. ಮೇಲಿನ ಮನೆ ಯಾವ ಕಂಪನಿಯದೇ ಆಗಲಿ, ಅಡಿಯಲ್ಲಿರುವುದು ಫಿಯೆಟ್ ಡುಕಾಟೊ. ಸರಕು ಸಾಗಿಸಲು ಹುಟ್ಟಿದ ಈ ವ್ಯಾನಿನ ಹಿಂದಿನ ಎರಡು ಚಕ್ರಗಳ ನಡುವಿನ ಅಂತರ 1,790 ಮಿ.ಮೀ. ಮೋಟರ್‌ಹೋಮ್‌ಗೆಂದೇ ಫಿಯೆಟ್ ಕೊಡುವ ಚಾಸಿಯಲ್ಲಿ ಅದು 1,980. ಹೆಚ್ಚುಕಡಿಮೆ ಒಂದು ಗೇಣು ಜಾಸ್ತಿ.

ಆ ಗೇಣಿನ ಬೆಲೆ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಚಕ್ರಗಳ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಬೇಕು. ವಾಹನ ಉರುಳುವ ಅಪಾಯವನ್ನು ಅಳೆಯಲು ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯೂ ಇದೇ ಅನುಪಾತವನ್ನು ಬಳಸುತ್ತದೆ. ಎತ್ತರ 1.2 ಮೀಟರ್ ಎಂದಿಟ್ಟುಕೊಂಡರೆ, ಮಾಮೂಲಿ ಚಾಸಿಗೆ ಸಿಗುವುದು 0.75, ಅಗಲದ ಚಾಸಿಗೆ 0.83. ಅಂಕಿ ದೊಡ್ಡದಾದಷ್ಟೂ ಗಾಡಿ ಭದ್ರ.

ಉರುಳುವುದು ಅಪರೂಪ. ಚಾಲಕನನ್ನು ದಿನವಿಡೀ ದಣಿಸುವುದು ಓಲಾಟ. 2.3 ಮೀಟರ್ ಅಗಲದ ಪೆಟ್ಟಿಗೆಯನ್ನು ಕಿರಿದಾದ ಆ್ಯಕ್ಸಲ್ ಮೇಲೆ ಕೂರಿಸಿದರೆ ಅದು ಮೇವು ಹೇರಿದ ಎತ್ತಿನ ಗಾಡಿಯಂತೆ ಎರಡೂ ಕಡೆ ಹೊರಚಾಚುತ್ತದೆ. ಪಕ್ಕದಲ್ಲಿ ಲಾರಿ ಹಾದುಹೋದರೆ ಸಾಕು, ಗಾಳಿಯ ಹೊಡೆತಕ್ಕೆ ಹಿಂಭಾಗ ವಾಲಿ, ಸ್ಟೀರಿಂಗ್ ತಿದ್ದಬೇಕಾಗುತ್ತದೆ. ಆ್ಯಂಟಿ ರೋಲ್ ಬಾರ್ ಹಾಕಿಸಿದರೆ ವಾಲುವುದು ಕಡಿಮೆಯಾಗುತ್ತದೆ, ನಿಜ. ಆದರೆ ತಿರುವಿನಲ್ಲಿ ಹೊರಗಿನ ಟೈರುಗಳ ಮೇಲೆ ಒಟ್ಟು ಎಷ್ಟು ಭಾರ ಬೀಳಬೇಕೆಂದು ತೀರ್ಮಾನಿಸುವುದು ಚಕ್ರಗಳ ಅಂತರ ಮತ್ತು ಗುರುತ್ವ ಕೇಂದ್ರದ ಎತ್ತರ, ಬಾರ್ ಅಲ್ಲ.

ಎತ್ತರವನ್ನು ಜನ ಮರೆಯುತ್ತಾರೆ. ಅದೇ ಲೆಕ್ಕದಲ್ಲಿ ಗುರುತ್ವ ಕೇಂದ್ರವನ್ನು ಹನ್ನೊಂದೂವರೆ ಸೆಂಟಿಮೀಟರ್ ಇಳಿಸಿದರೆ, ಹತ್ತೊಂಬತ್ತು ಸೆಂಟಿಮೀಟರ್ ಅಗಲಿಸಿದಷ್ಟೇ ಫಲ. ಜರ್ಮನಿಯ ಆಲ್ಕೊ ಕಂಪನಿ ಇದನ್ನು ಚೆನ್ನಾಗಿ ಅರಿತಿದೆ. ಡುಕಾಟೊಗೆ ಎಳೆಯುವ ಶಕ್ತಿ ಮುಂದಿನ ಚಕ್ರಗಳಲ್ಲೇ ಇರುವುದರಿಂದ ಹಿಂದಕ್ಕೆ ಪ್ರೊಪೆಲ್ಲರ್ ಶಾಫ್ಟ್ ಹೋಗಬೇಕಿಲ್ಲ. ಹಾಗಾಗಿ ಕ್ಯಾಬಿನ್ನಿನ ಹಿಂದೆ ಮೂಲ ಚಾಸಿಯ ಬದಲು ತನ್ನದೇ ತಗ್ಗಿನ ಚೌಕಟ್ಟು ಜೋಡಿಸಿ, ಅಗಲದ ಆ್ಯಕ್ಸಲ್ ಕೊಟ್ಟು, ಆಲ್ಕೊ ಎರಡೂ ಲಾಭ ಒಟ್ಟಿಗೆ ಪಡೆಯುತ್ತದೆ. ನನ್ನ ಮಟ್ಟಿಗೆ ಒಳಗಿನ ಸೋಫಾ, ಟಿವಿಗಿಂತ ಹಣ ಹಾಕಬೇಕಾದ ಜಾಗ ಇದೇ.

ಯುರೋಪ್ ಪ್ರವಾಸಕ್ಕೆ ಮೋಟರ್‌ಹೋಮ್ ಬಾಡಿಗೆಗೆ ಹಿಡಿಯುವವರು ಮುಂಗಡ ಕೊಡುವ ಮೊದಲು ಒಮ್ಮೆ ಗಾಡಿಯ ಹಿಂದೆ ಬಗ್ಗಿ ನೋಡಿ. ಟೈರು ಬಾಡಿಯ ಅಂಚಿನಿಂದ ತುಂಬ ಒಳಗಿದ್ದರೆ ಬೇರೆ ಗಾಡಿ ಕೇಳಿ. ಭಾರದ ಸಾಮಾನನ್ನು ಮೇಲಿನ ಕಪಾಟಿಗೆ ತುಂಬದೆ ನೆಲಮಟ್ಟದಲ್ಲೇ ಇಡಿ.