ಹೊಸೂರಿನ ಹುಡುಗಿ ಕಡಲಿಗೆ ಹೋದ ಬೇಸಿಗೆ

ಕಾಸರಗೋಡಿನ ವಾಚಕರಿಗೆ ಕಡಲು ಹೊಸತಲ್ಲ. ಅಂಗಳದಲ್ಲಿ ನಿಂತರೆ ಅದರ ಮೊರೆತ ಕೇಳುವ ಊರುಗಳು ತಮ್ಮಲ್ಲಿವೆ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಹೊಸೂರು ಸೀಮೆಯ ನಾವು ತಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡಿಗರಾದರೂ ನಮಗೆ ಕಡಲಿಲ್ಲ. ರಾಗಿ ಹೊಲ, ಗುಲಾಬಿ ತೋಟ, ಕಾರ್ಖಾನೆಗಳು ಮತ್ತು ದಕ್ಷಿಣ ಪಿನಾಕಿನಿ, ಇವಿಷ್ಟೇ ನಮ್ಮ ಆಸ್ತಿ. ಇಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತ ಹುಡುಗಿಯೊಬ್ಬಳು ಬೇಸಿಗೆ ರಜೆಯಲ್ಲಿ ಸಾಗರ ಜೀವಶಾಸ್ತ್ರದ ಸಂಶೋಧನಾ ತರಬೇತಿ ಪಡೆದು ಬಂದ ಸಂಗತಿಯನ್ನು, ಆಕೆಗೆ ಪಾಠ ಹೇಳಿದ ಮೇಷ್ಟ್ರಾಗಿ ತಮ್ಮ ಮುಂದಿಡುತ್ತಿದ್ದೇನೆ.

ನಂದಿಬೆಟ್ಟದ ಕಡೆ ಹುಟ್ಟುವ ಪಿನಾಕಿನಿ ಬೆಂಗಳೂರಿನ ಕೊಳಚೆಯ ಪಾಲನ್ನೂ ಹೊತ್ತು ಹೊಸೂರಿಗೆ ಬರುತ್ತದೆ. ಕೆಲವರಪಳ್ಳಿ ಜಲಾಶಯದಿಂದ ನೀರು ಬಿಟ್ಟಾಗ ಹೊಳೆಯ ಮೇಲೆ ಬಿಳಿಯ ನೊರೆ ಏಳುವುದನ್ನು ಇಲ್ಲಿನವರು ಎಷ್ಟೋ ಸಲ ಕಂಡಿದ್ದಾರೆ. ಒಂಬತ್ತನೆಯ ತರಗತಿಯಲ್ಲಿದ್ದಾಗ ಈ ಹುಡುಗಿ, "ಸಾರ್, ಈ ನೊರೆಯೆಲ್ಲ ಕೊನೆಗೆ ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದ್ದಳು. ಕೃಷ್ಣಗಿರಿ, ಸಾತನೂರು ಅಣೆಕಟ್ಟುಗಳನ್ನು ದಾಟಿ ಹೊಳೆ ಕಡಲೂರಿನ ಬಳಿ ಬಂಗಾಳ ಕೊಲ್ಲಿ ಸೇರುವುದನ್ನು ಭೂಪಟದಲ್ಲಿ ತೋರಿಸಿದೆ. ನೀರಿನ ದಾರಿ ತೋರಿಸಿದೆನೇ ಹೊರತು ನೊರೆಯ ಗತಿ ನನಗೂ ತಿಳಿದಿರಲಿಲ್ಲ.

ಬಿ.ಎಸ್ಸಿ. ಓದುತ್ತಿದ್ದಾಗ ಆಕೆಗೆ ಪರಂಗಿಪೇಟೆಯಲ್ಲಿ ಎರಡು ತಿಂಗಳ ತರಬೇತಿಗೆ ಅವಕಾಶ ದೊರೆಯಿತು. ಕಡಲೂರಿನ ದಕ್ಷಿಣಕ್ಕೆ, ವೆಳ್ಳಾರು ನದಿಯ ಅಳಿವೆಯಲ್ಲಿರುವ ಈ ಊರಿನಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ಕೇಂದ್ರವಿದೆ. ಆದರೆ ತಂದೆ ಒಪ್ಪಲಿಲ್ಲ. "ಮೇಷ್ಟ್ರೇ, ಎರಡು ತಿಂಗಳು ಕಂಪನಿಗೆ ಹೋದರೆ ಕೈಗೆ ನಾಲ್ಕು ಕಾಸು ಬರುತ್ತೆ. ಕನ್ನಡ ಶಾಲೇಲಿ ಓದಿದೋಳು ಅಲ್ಲಿ ಹೋಗಿ ಏನು ಮಾತಾಡ್ತಾಳೆ?" ಎಂದರು. ಅವರ ಮಾತು ತೆಗೆದುಹಾಕುವಂಥದಲ್ಲ. ಆ ಹಣ ಮುಂದಿನ ವರ್ಷದ ಫೀಸಿಗೆ ಬೇಕಿತ್ತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಬೋಧಿಸುತ್ತಲೇ ಕನ್ನಡದಲ್ಲಿ ಬರೆದು, 'ಹಸುರು ಹೊನ್ನು' ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಬಿ.ಜಿ.ಎಲ್. ಸ್ವಾಮಿಯವರ ಮಾತೆತ್ತಿದೆ. ತಂದೆ ಸುಮ್ಮನಾದರು. ಕೊನೆಗೆ ತಾಯಿಯೇ ಮುಂದಾಗಿ ಮಗಳನ್ನು ಬಸ್ಸು ಹತ್ತಿಸಿದರು.

ಅಲ್ಲಿನ ಕೆಲಸ ದೋಣಿವಿಹಾರವಲ್ಲ. ಉಬ್ಬರ ಇಳಿತಗಳ ಹೊತ್ತು ನೋಡಿಕೊಂಡು ಅಳಿವೆಗೆ ಹೋಗಬೇಕು. ನುಣುಪು ಬಲೆ ಎಳೆದು, ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಸೀಸೆಯಲ್ಲಿ ಹಿಡಿಯಬೇಕು. ಸೂಕ್ಷ್ಮದರ್ಶಕದ ಕೆಳಗೆ ಅವುಗಳನ್ನು ಗುರುತಿಸಿ ಎಣಿಸಬೇಕು. ತೆರೆದ ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಳಿವೆಯಲ್ಲಾದರೋ ಅದು ಗಳಿಗೆ ಗಳಿಗೆಗೂ ಏರಿಳಿಯುತ್ತದೆ. ಮೊದಲ ವಾರ ನೀರು ತೆಗೆದ ಹೊತ್ತನ್ನು ಬರೆದಿಡದ ಕಾರಣ ಆಕೆಯ ಲೆಕ್ಕವೆಲ್ಲ ವ್ಯರ್ಥವಾಯಿತು. ಅತ್ತಳಂತೆ, ಮರುದಿನ ಮತ್ತೆ ಮೊದಲಿನಿಂದ ಆರಂಭಿಸಿದಳು.

ಭಾಷೆಯ ಭಯವೋ? ಪ್ರಯೋಗಾಲಯದ ಇಂಗ್ಲಿಷಿಗೆ ಹದಿನೈದು ದಿನ ಹಿಡಿಯಿತು. ಆದರೆ ಮೀನುಗಾರರೊಡನೆ ಹೊಸೂರು ಪೇಟೆಯಲ್ಲಿ ಕಲಿತ ತಮಿಳಿನಲ್ಲೇ ಮಾತಾಡಿದಳು. ಯಾವ ಗಾಳಿಗೆ ಯಾವ ಮೀನು ಎಂಬುದನ್ನು ಅವರಿಂದ ಕೇಳಿ, ರಾತ್ರಿ ಕನ್ನಡದಲ್ಲಿ ಬರೆದುಕೊಂಡಳು.

ಆಕೆ ಹೇಳಿದ ಇನ್ನೊಂದು ವಿಷಯ ನನ್ನನ್ನು ಯೋಚನೆಗೆ ಹಚ್ಚಿತು. 2004ರ ಡಿಸೆಂಬರ್ 26ರ ಸುನಾಮಿಯ ಬಳಿಕ ಇದೇ ಕೇಂದ್ರದ ಕೆ. ಕತಿರೇಶನ್ ಮತ್ತು ಅವರ ಸಹಸಂಶೋಧಕರು ಆ ತೀರದ 18 ಮೀನುಗಾರರ ಹಳ್ಳಿಗಳನ್ನು ಪರಿಶೀಲಿಸಿ, ಕಾಂಡ್ಲಾ ಕಾಡು ಜೀವಹಾನಿಯನ್ನು ತಗ್ಗಿಸಿತೆಂದು 2005ರಲ್ಲಿ ಪ್ರಕಟಿಸಿದರು. 2006ರಲ್ಲಿ ಬೇರೆ ವಿಜ್ಞಾನಿಗಳು ಅದೇ ಅಂಕಿಗಳನ್ನು ಮತ್ತೆ ಲೆಕ್ಕಹಾಕಿ, ಹಳ್ಳಿಯ ಎತ್ತರವೂ ಕಡಲಿನಿಂದ ಇರುವ ದೂರವೂ ಮುಖ್ಯ ಕಾರಣಗಳೆಂದು ವಾದಿಸಿದರು. "ಅಚ್ಚಾದದ್ದನ್ನೂ ಪ್ರಶ್ನೆ ಮಾಡಬಹುದು ಸಾರ್" ಎಂದಳು. ಪಠ್ಯಪುಸ್ತಕ ಬಾಯಿಪಾಠ ಮಾಡಿಸುವ ನನ್ನಂಥವರಿಗೆ ಇದು ದೊಡ್ಡ ಪಾಠ.

ನೊರೆಯ ಪ್ರಶ್ನೆಗೆ ಉತ್ತರ ಸಿಕ್ಕಿತೆ? ಇಲ್ಲ. ವೆಳ್ಳಾರು ಬೇರೆ ನದಿ, ಎರಡು ತಿಂಗಳು ಅಲ್ಪಕಾಲ. ಆದರೆ ಉತ್ತರ ಹುಡುಕುವ ಬಗೆ ಆಕೆಗೆ ಈಗ ಗೊತ್ತಿದೆ. ಸೀಸೆಗಳನ್ನು ಹಿಡಿದು ಪಿನಾಕಿನಿಯ ದಡಕ್ಕೆ ಹೋಗತೊಡಗಿದ್ದಾಳೆ. ಒಂದು ಭಾನುವಾರ ತಂದೆಯೂ ಜೊತೆಗಿದ್ದರು.

ಕಾಸರಗೋಡಿನ ಹೆತ್ತವರಲ್ಲಿ ಒಂದು ಅರಿಕೆ. 1947ರಲ್ಲಿ ಮಂಡಪಂನಲ್ಲಿ ಆರಂಭವಾದ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಮುಖ್ಯ ಕಚೇರಿ ಈಗ ಕೊಚ್ಚಿಯಲ್ಲಿದೆ. ಮಂಗಳೂರಿನಲ್ಲೂ ಅದರ ಕೇಂದ್ರವಿದೆ. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಿಂದ ನಡೆಯುತ್ತಿದೆ. ನಮ್ಮ ಮಕ್ಕಳು ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಹೋಗಬೇಕಾದ ಕಡಲು ತಮ್ಮ ಮಕ್ಕಳಿಗೆ ನಡೆದು ಹೋಗುವಷ್ಟು ಹತ್ತಿರ. ಕಾಲೇಜಿನ ಅಧ್ಯಾಪಕರನ್ನು ಕಂಡು, ರಜೆಗೆ ಬಹಳ ಮೊದಲೇ ವಿಚಾರಿಸಿ. ಕನ್ನಡ ಶಾಲೆಯಲ್ಲಿ ಕಲಿತದ್ದು ಅಡ್ಡಿಯಾದೀತೆಂದು ಅರ್ಜಿ ಹಾಕದೆ ಮಾತ್ರ ಇರಬೇಡಿ.