ಆಡಮ್ಸ್ ಬಾಯಿಗೆ ನಟನ ದನಿ

ವಿವಾದಿತ ರಾಜಕಾರಣಿಯನ್ನು ರೇಡಿಯೊ ಸ್ಟುಡಿಯೊಗೆ ಕರೆಸಿದಾಗಲೆಲ್ಲ ಏಳುವ ತಕರಾರುಗಳು ಹೆಚ್ಚುಕಮ್ಮಿ ಒಂದೇ. ಬ್ರಿಟನ್ ಮತ್ತು ಐರ್ಲೆಂಡ್ ಸರ್ಕಾರಗಳು ಆ ತಕರಾರುಗಳಿಗೆ ಕಾನೂನಿನ ಬಲವನ್ನೂ ಕೊಟ್ಟು ನೋಡಿವೆ.

ತಪ್ಪು ಕಲ್ಪನೆ: ಇಂಥವರ ದನಿ ಕೇಳಿಸದಂತೆ ಮಾಡಿದರೆ ಪ್ರಚಾರ ನಿಂತುಹೋಗುತ್ತದೆ.

ವಾಸ್ತವ: 1988ರ ಅಕ್ಟೋಬರ್ 19ರಂದು ಬ್ರಿಟನ್ ಗೃಹ ಸಚಿವ ಡಗ್ಲಸ್ ಹರ್ಡ್ ಒಂದು ಆದೇಶ ಹೊರಡಿಸಿದರು. ಉತ್ತರ ಐರ್ಲೆಂಡಿನ ಸಶಸ್ತ್ರ ಸಂಘಟನೆ ಐಆರ್‌ಎ, ಅದರ ರಾಜಕೀಯ ಅಂಗವಾದ ಶಿನ್ ಫೇನ್, ಎದುರು ಪಾಳಯದ ಯುಡಿಎ ಸೇರಿದಂತೆ 11 ಸಂಘಟನೆಗಳ ಪರವಾಗಿ ಆಡಿದ ಮಾತನ್ನು ಆಡಿದವರ ದನಿಯಲ್ಲೇ ರೇಡಿಯೊ, ಟಿವಿಗಳಲ್ಲಿ ಬಿತ್ತರಿಸಕೂಡದು. ಪದಗಳಿಗೆ ಅಡ್ಡಿಯಿಲ್ಲ, ದನಿಗೆ ಮಾತ್ರ! ಬಿಬಿಸಿಯವರು ನಟರನ್ನು ಕರೆಸಿ ಅವವೇ ಮಾತುಗಳನ್ನು ಓದಿಸತೊಡಗಿದರು. ಶಿನ್ ಫೇನ್ ನಾಯಕ ಜೆರಿ ಆಡಮ್ಸ್‌ಗೆ ದನಿಯಾದವರಲ್ಲಿ ಸ್ಟೀಫನ್ ರೇ ಒಬ್ಬರು, ಮುಂದೆ ಆಸ್ಕರ್‌ಗೆ ನಾಮನಿರ್ದೇಶನಗೊಂಡ ನಟ. ಪಳಗಿದ ಕಂಠ, ಅಳೆದು ತೂಗಿದ ಉಚ್ಚಾರಣೆ. ಇಕ್ಕಟ್ಟಿನ ಪ್ರಶ್ನೆ ಬಿದ್ದಾಗಿನ ತಡವರಿಕೆ, ಉಗುಳು ನುಂಗಿದ ಅರೆಗಳಿಗೆ, ದನಿಯಲ್ಲಿ ಇಣುಕುವ ಸಿಟ್ಟು, ಇವೇ ರೇಡಿಯೊ ಕೇಳುಗನ ಒರೆಗಲ್ಲು. ಅದೆಲ್ಲ ಹೊರಟುಹೋಗಿ, ಸರ್ಕಾರ ಯಾರನ್ನು ಹತ್ತಿಕ್ಕಲು ಹೊರಟಿತ್ತೋ ಅವರಿಗೇ ಉಪಕಾರವಾಯಿತು. ಈ ಉಸಾಬರಿಯೇ ಬೇಡವೆಂದು ಅನೇಕ ಸಂಪಾದಕರು ಅವರನ್ನು ಕರೆಯುವುದನ್ನೇ ಕಡಿಮೆ ಮಾಡಿದರು ಎಂಬುದೂ ನಿಜ. ಆಗ ಅವರಿಗೆ ಕೇಳಬೇಕಿದ್ದ ಪ್ರಶ್ನೆಗಳೂ ಉಳಿದುಹೋದವು.

ಸಂಸತ್ತಿನಲ್ಲಿ ಆಡಿದ ಮಾತಿಗೆ ವಿನಾಯಿತಿಯಿತ್ತು. ಆದೇಶ ಬಂದಾಗ ಆಡಮ್ಸ್ ಸಂಸದರೇ, ಆದರೆ ಪಕ್ಷದ ನಿಲುವಿನಂತೆ ಸದನದೊಳಗೆ ಕಾಲಿಡುತ್ತಿರಲಿಲ್ಲ. ಚುನಾವಣೆ ಬಂದಾಗ ನಿರ್ಬಂಧ ಸಡಿಲ, ಮತದಾನ ಮುಗಿದರೆ ಮತ್ತೆ ನಟರು. 1994ರ ಸೆಪ್ಟೆಂಬರ್‌ವರೆಗೆ ಈ ನಾಟಕ ನಡೆಯಿತು.

ತಪ್ಪು ಕಲ್ಪನೆ: ನಿಷೇಧ ತಟ್ಟುವುದು ಉಗ್ರರಿಗೆ ಮಾತ್ರ, ಮಿಕ್ಕವರಿಗೇನು?

ವಾಸ್ತವ: ಐರ್ಲೆಂಡಿನ ಸರ್ಕಾರಿ ಪ್ರಸಾರ ಸಂಸ್ಥೆ ಆರ್‌ಟಿಇಯನ್ನು ಕೇಳಿ. ಅಲ್ಲೂ ಇಂಥದೇ ನಿರ್ಬಂಧವಿತ್ತು. 1972ರಲ್ಲಿ ಪತ್ರಕರ್ತ ಕೆವಿನ್ ಓಕೆಲಿ ಐಆರ್‌ಎ ಮುಖ್ಯಸ್ಥನನ್ನು ಸಂದರ್ಶಿಸಿ, ಅವನ ದನಿ ಹಾಕದೆ ಸಾರಾಂಶವನ್ನಷ್ಟೇ ರೇಡಿಯೊದಲ್ಲಿ ಹೇಳಿದರು. ಸರ್ಕಾರ ಇಡೀ ಆಡಳಿತ ಮಂಡಳಿಯನ್ನು ವಜಾ ಮಾಡಿತು. ಹೆದರಿಕೆ ಎಲ್ಲಿಗೆ ಮುಟ್ಟಿತೆಂದರೆ, 1990ರಲ್ಲಿ ಡಬ್ಲಿನ್‌ನ ಕೇಕ್ ಕಾರ್ಖಾನೆಯೊಂದರ ಮುಷ್ಕರದ ವಕ್ತಾರ ಲ್ಯಾರಿ ಓಟೂಲ್ ಶಿನ್ ಫೇನ್ ಸದಸ್ಯ ಎಂಬ ಕಾರಣಕ್ಕೇ ಆತನ ಮಾತು ಪ್ರಸಾರವಾಗಲಿಲ್ಲ. ಆತ ಮಾತಾಡಿದ್ದು ಮುಷ್ಕರದ ಬಗ್ಗೆ! ಸಂಸ್ಥೆ ಕಾನೂನು ಕೇಳಿದ್ದಕ್ಕಿಂತ ಹೆಚ್ಚು ಬಾಯಿ ಕಟ್ಟಿತೆಂದು ನ್ಯಾಯಾಲಯವೇ ಹೇಳಬೇಕಾಯಿತು.

ತಪ್ಪು ಕಲ್ಪನೆ: ಬೆಂಗಳೂರಿನ ಎಫ್‌ಎಂ ಜಾಕಿಗಳಿಗೆ ರಾಜಕಾರಣಿಗಳನ್ನು ತರಾಟೆಗೆ ತೆಗೆದುಕೊಳ್ಳುವ ಧೈರ್ಯವಿಲ್ಲ.

ವಾಸ್ತವ: ಧೈರ್ಯದ ಮಾತು ಆಮೇಲೆ. ನಮ್ಮಲ್ಲಿ ಖಾಸಗಿ ಎಫ್‌ಎಂ ಪರವಾನಗಿ ಸ್ವಂತ ಸುದ್ದಿಗೇ ಅವಕಾಶ ಕೊಟ್ಟಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದದ್ದು ಇದ್ದಂತೆ ಮರುಪ್ರಸಾರ ಮಾಡಬಹುದು, ಅಷ್ಟೇ.

ತಪ್ಪು ಕಲ್ಪನೆ: ದಬಾಯಿಸಿ ಕೇಳಿದರೇ ಗಟ್ಟಿ ಸಂದರ್ಶನ.

ವಾಸ್ತವ: ಟಿವಿಯಲ್ಲಾದರೆ ಮುಖವಾದರೂ ಕಾಣುತ್ತದೆ. ರೇಡಿಯೊದಲ್ಲಿ ಇಬ್ಬರು ಒಟ್ಟಿಗೆ ಕೂಗಿದರೆ ಬರೀ ಗದ್ದಲ. 2012ರ ನವೆಂಬರ್ 10ರ ಬೆಳಿಗ್ಗೆ ಬಿಬಿಸಿ ರೇಡಿಯೊ 4ರಲ್ಲಿ ಸಂದರ್ಶಕ ಜಾನ್ ಹಂಫ್ರಿಸ್ ಎದುರು ಕುಳಿತಿದ್ದವರು ರಾಜಕಾರಣಿಯಲ್ಲ, ಅವರದೇ ಸಂಸ್ಥೆಯ ಮಹಾನಿರ್ದೇಶಕ ಜಾರ್ಜ್ ಎಂಟ್‌ವಿಸಲ್. ಬಿಬಿಸಿಯ ಟಿವಿ ವರದಿಯೊಂದರಿಂದ ನಿವೃತ್ತ ರಾಜಕಾರಣಿಯೊಬ್ಬರ ಮೇಲೆ ಸುಳ್ಳು ಅಪವಾದ ಬಂದಿತ್ತು. ಪ್ರಸಾರಕ್ಕೆ ಮುಂಚೆ ನಿಮಗೆ ಗೊತ್ತಿತ್ತೆ? ನಿನ್ನೆಯ ಪತ್ರಿಕೆ ನೋಡಿದಿರಾ? ಇಂಥ ಪುಟ್ಟ ಪ್ರಶ್ನೆಗಳಿಗೆಲ್ಲ ಇಲ್ಲ ಎಂಬುದೇ ಉತ್ತರ. ಅಂದು ರಾತ್ರಿಯೇ ಎಂಟ್‌ವಿಸಲ್ ರಾಜೀನಾಮೆ ಕೊಟ್ಟರು.