ವಿ.ವಿ. ಗಡಿ ಬದಲಾದಾಗ ಕಾಲೇಜು ಕ್ರೀಡೆಗೆ ಆಗುವುದೇನು?

ಬೇತಮಂಗಲ: ಕೆಜಿಎಫ್ ತಾಲ್ಲೂಕಿನ ಈ ಹೋಬಳಿಯಿಂದ ಪದವಿ ಕಾಲೇಜು ಸೇರಿದ ಕಬಡ್ಡಿ ಆಟಗಾರನೊಬ್ಬ 2016ರಲ್ಲಿ ವಿಶ್ವವಿದ್ಯಾಲಯ ತಂಡದ ಸ್ಥಾನ ಬಯಸಿದ್ದರೆ, ಬೆಂಗಳೂರು ಮಹಾನಗರ, ರಾಮನಗರ, ಚಿಕ್ಕಬಳ್ಳಾಪುರ ಮತ್ತು ಕೋಲಾರ ಜಿಲ್ಲೆಗಳ ಆಟಗಾರರೆಲ್ಲರೊಡನೆ ಪೈಪೋಟಿ ನಡೆಸಬೇಕಿತ್ತು. ಆಯ್ಕೆಗೆಂದು ಸುಮಾರು ನೂರು ಕಿ.ಮೀ. ದೂರದ ರಾಜಧಾನಿಗೆ ಹೋಗಬೇಕಿತ್ತು. ಇಂದು ಅವನ ಕಾಲೇಜು ಕೋಲಾರದ ಟಮಕದಲ್ಲಿ ಆಡಳಿತ ಕಚೇರಿ ಹೊಂದಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರಿದೆ. ಆಟ ಅದೇ, ಕಾಲೇಜೂ ಅದೇ. ಬದಲಾಗಿರುವುದು ವಿ.ವಿ.ಯ ಗಡಿ ಮಾತ್ರ.

1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿ.ವಿ.ಯನ್ನು 2017ರಲ್ಲಿ ಮೂರು ಭಾಗ ಮಾಡಲಾಯಿತು. ಆಡಳಿತ ಸುಲಭವಾಗಲಿ, ಪರೀಕ್ಷೆಗಳು ಸಕಾಲಕ್ಕೆ ನಡೆಯಲಿ ಎಂಬುದು ಇದರ ಉದ್ದೇಶವಾಗಿತ್ತು. ಕ್ರೀಡೆ ಆ ಚರ್ಚೆಯ ಮುಂಚೂಣಿಯಲ್ಲಿರಲಿಲ್ಲ. ಆದರೆ ಕಾಲೇಜು ಕ್ರೀಡಾಪಟುಗಳ ಮಟ್ಟಿಗೆ ಇದು ಬಹು ದೊಡ್ಡ ಮರುವಿಂಗಡಣೆಯೇ ಆಗಿತ್ತು.

ಅಮೆರಿಕದ ದಾರಿ ಬೇರೆ

ಅಮೆರಿಕದಲ್ಲಿ ಇಂತಹ ಮರುವಿಂಗಡಣೆಯ ಹಿಂದಿರುವುದು ಟಿ.ವಿ. ಹಣ. ಅಲ್ಲಿನ ವಿ.ವಿ.ಗಳು 'ಕಾನ್ಫರೆನ್ಸ್' ಎಂಬ ಒಕ್ಕೂಟಗಳಲ್ಲಿ ಸೇರಿ ಆಡುತ್ತವೆ. ಹೆಚ್ಚು ಪ್ರಸಾರ ಹಣ ತರುವ ಒಕ್ಕೂಟದತ್ತ ದೊಡ್ಡ ವಿ.ವಿ.ಗಳು ವಲಸೆ ಹೋಗುತ್ತಿವೆ. 2024ರಲ್ಲಿ ಟೆಕ್ಸಾಸ್ ಮತ್ತು ಒಕ್ಲಹೋಮಾ ವಿ.ವಿ.ಗಳು ಎಸ್‌ಇಸಿ ಒಕ್ಕೂಟವನ್ನು ಸೇರಿದರೆ, ಪಶ್ಚಿಮ ಕರಾವಳಿಯ ಯುಸಿಎಲ್‌ಎ ಮತ್ತು ಯುಎಸ್‌ಸಿ 'ಬಿಗ್ ಟೆನ್' ಪಾಲಾದವು. ಶತಮಾನಕ್ಕೂ ಹೆಚ್ಚಿನ ಇತಿಹಾಸವಿದ್ದ 'ಪ್ಯಾಕ್-12' ಒಕ್ಕೂಟದಲ್ಲಿ ಆ ವರ್ಷ ಉಳಿದದ್ದು ಎರಡೇ ವಿ.ವಿ.ಗಳು. ಲಾಸ್ ಏಂಜಲೀಸ್‌ನ ವಿದ್ಯಾರ್ಥಿ ಒಕ್ಕೂಟದ ಪಂದ್ಯವಾಡಲು ಸುಮಾರು 4,000 ಕಿ.ಮೀ. ದೂರದ ನ್ಯೂಜೆರ್ಸಿಗೆ ಹಾರಬೇಕಾದ ಸ್ಥಿತಿ ಅಲ್ಲಿದೆ.

ಇಲ್ಲಿ ಕಾಲೇಜು ಯಾವ ವಿ.ವಿ.ಗೆ ಸೇರಬೇಕೆಂಬುದನ್ನು ತೀರ್ಮಾನಿಸುವುದು ಹಣವಲ್ಲ, ಸರ್ಕಾರದ ಕಾಯ್ದೆ. ಎರಡೂ ಕಡೆ ಸಮಾನವಾದ ಅಂಶವೆಂದರೆ, ನಿರ್ಧಾರ ಕೈಗೊಳ್ಳುವಾಗ ಆಟಗಾರರ ಮಾತಿಗೆ ಕೊನೆಯ ಸ್ಥಾನ.

ಒಂದು ವಿ.ವಿ., ಒಂದು ತಂಡ

ದೇಶದ ಅಂತರ ವಿ.ವಿ. ಕ್ರೀಡಾಕೂಟಗಳನ್ನು ನಡೆಸುವುದು ನವದೆಹಲಿಯ ಭಾರತೀಯ ವಿಶ್ವವಿದ್ಯಾಲಯಗಳ ಸಂಘ. ಅಂತರ ಕಾಲೇಜು ಪಂದ್ಯಗಳಲ್ಲಿ ಮಿಂಚಿದವರನ್ನು ಆರಿಸಿ, ಪ್ರತಿ ಕ್ರೀಡೆಗೂ ಪ್ರತಿ ವಿ.ವಿ. ಒಂದು ತಂಡವನ್ನು ಕಳುಹಿಸುತ್ತದೆ. ಗುಂಪು ಆಟಗಳಲ್ಲಿ ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ನಾಲ್ಕು ವಲಯಗಳಿದ್ದು, ಪ್ರತಿ ವಲಯದ ಮೊದಲ ನಾಲ್ಕು ತಂಡಗಳು ಅಖಿಲ ಭಾರತ ಹಂತಕ್ಕೆ ಏರುತ್ತವೆ. ಖೇಲೋ ಇಂಡಿಯಾ ವಿ.ವಿ. ಕ್ರೀಡಾಕೂಟದ ಪ್ರವೇಶಕ್ಕೂ ಇಲ್ಲಿನ ಸಾಧನೆಯೇ ಆಧಾರ.

ಬೆಂಗಳೂರು ವಿ.ವಿ. ಮೂರಾದುದರ ನೇರ ಫಲ ಇಲ್ಲಿದೆ. ಒಂದು ಕಬಡ್ಡಿ ತಂಡಕ್ಕೆ 12 ಆಟಗಾರರೆಂದು ಲೆಕ್ಕ ಹಿಡಿದರೆ, ಹಿಂದೆ 12 ಮಂದಿಗೆ ಸಿಗುತ್ತಿದ್ದ ಅವಕಾಶ ಈಗ 36 ಮಂದಿಗೆ ಸಿಗುತ್ತದೆ. ಇದು ಬರೀ ಜೆರ್ಸಿಯ ಮಾತಲ್ಲ. ಕೇಂದ್ರ ಸರ್ಕಾರದ 'ಸಿ' ದರ್ಜೆ ಹುದ್ದೆಗಳ ಕ್ರೀಡಾ ಕೋಟಾಕ್ಕೆ, ಅಂತರ ವಿ.ವಿ. ಕೂಟದಲ್ಲಿ ವಿ.ವಿ.ಯನ್ನು ಪ್ರತಿನಿಧಿಸಿದವರನ್ನೂ ಪರಿಗಣಿಸಲು ನಿಯಮಗಳಲ್ಲಿ ಅವಕಾಶವಿದೆ. 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿದ ಬಳಿಕ ದುಡಿಮೆಗಾಗಿ ನಿತ್ಯ ಬೆಂಗಳೂರಿನ ರೈಲು ಹತ್ತುವವರ ಊರುಗಳಿವು. ಇಲ್ಲಿನ ಮನೆಗಳಲ್ಲಿ ಅಂತಹ ಪ್ರಮಾಣಪತ್ರಕ್ಕೆ ಇರುವ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ.

ಬಾಗಿಲು ತೆರೆದರೆ ಸಾಕೇ?

ಆದರೆ ಈ ಲೆಕ್ಕಕ್ಕೆ ಇನ್ನೊಂದು ಮುಖವಿದೆ. ವಿ.ವಿ.ಗಳ ಕ್ರೀಡಾ ವೆಚ್ಚಕ್ಕೆ ವಿದ್ಯಾರ್ಥಿಗಳಿಂದ ಪಡೆಯುವ ಕ್ರೀಡಾ ಶುಲ್ಕವೂ ಒಂದು ಮೂಲ. ವಿದ್ಯಾರ್ಥಿಗಳ ಸಂಖ್ಯೆ ಹಂಚಿಹೋದರೆ ಆ ನಿಧಿಯೂ ಹಂಚಿಹೋಗುತ್ತದೆ. ತಂಡಗಳು ಮೂರಾದ ಮಾತ್ರಕ್ಕೆ ತರಬೇತುದಾರರು, ಈಜುಕೊಳ, ಸಿಂಥೆಟಿಕ್ ಟ್ರ್ಯಾಕ್ ಮೂರಾಗುವುದಿಲ್ಲ. ಒಂದೇ ತಂಡದಲ್ಲಿದ್ದ ಶಕ್ತಿ ಮೂರು ಕಡೆ ಚದುರಿದಾಗ ದಕ್ಷಿಣ ವಲಯದ ಮೊದಲ ಸುತ್ತಿನಲ್ಲೇ ಸೋತು ಮರಳುವ ಸಾಧ್ಯತೆಯೂ ಹೆಚ್ಚುತ್ತದೆ. ಪ್ರತಿನಿಧಿಸಿದರಷ್ಟೇ ಸಾಲದು, ಸ್ಥಾನ ಗಳಿಸಿರಬೇಕು ಎನ್ನುವ ನೇಮಕಾತಿಗಳಲ್ಲಿ ಅಂತಹ ಪ್ರಮಾಣಪತ್ರ ಉಪಯೋಗಕ್ಕೆ ಬಾರದು.

ಬೆಂಗಳೂರು ಉತ್ತರ ವಿ.ವಿ.ಯ ವ್ಯಾಪ್ತಿಯಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲದೆ ಹೊಸಕೋಟೆ, ದೇವನಹಳ್ಳಿ ಹಾಗೂ ರಾಜಧಾನಿಯ ಕೆಲವು ಭಾಗಗಳೂ ಇವೆ. ಹೀಗಾಗಿ ನಗರದ ಕಾಲೇಜುಗಳ ಪೈಪೋಟಿ ಗಡಿ ತಾಲ್ಲೂಕುಗಳ ಆಟಗಾರರಿಗೆ ಪೂರ್ತಿ ತಪ್ಪಿಲ್ಲ.

ವಿಭಜನೆಯಿಂದ ಕ್ರೀಡೆ ಸೊರಗಲೇಬೇಕೆಂದೇನೂ ಇಲ್ಲ. 1980ರಲ್ಲಿ ಮೈಸೂರು ವಿ.ವಿ.ಯಿಂದ ಬೇರ್ಪಟ್ಟ ಮಂಗಳೂರು ವಿ.ವಿ. ಅಥ್ಲೆಟಿಕ್ಸ್‌ನಲ್ಲಿ ದೇಶದ ಮುಂಚೂಣಿಗೆ ಬಂದಿತು. 2020ರ ಜನವರಿಯಲ್ಲಿ ಮೂಡುಬಿದಿರೆಯಲ್ಲಿ ನಡೆದ ಅಖಿಲ ಭಾರತ ಅಂತರ ವಿ.ವಿ. ಅಥ್ಲೆಟಿಕ್ಸ್ ಕೂಟದ ಸಮಗ್ರ ಪ್ರಶಸ್ತಿ ಅದರ ಪಾಲಾಯಿತು. ಕ್ರೀಡಾಪಟುಗಳಿಗೆ ಊಟ, ವಸತಿ, ಶಿಕ್ಷಣ ನೀಡಿ ಬೆಳೆಸಿದ ಆಳ್ವಾಸ್‌ನಂತಹ ಕಾಲೇಜು ಆ ಗೆಲುವಿನ ಹಿಂದಿತ್ತು.

ಖಾಸಗಿ ವಿ.ವಿ.ಗಳದ್ದು ಇನ್ನೊಂದು ಬಗೆಯ ಮರುವಿಂಗಡಣೆ. ಹಿಂದೆ ಬೆಂಗಳೂರು ವಿ.ವಿ.ಯ ಕಾಲೇಜಾಗಿದ್ದ ಕ್ರೈಸ್ಟ್ 2008ರಲ್ಲಿ ಡೀಮ್ಡ್ ವಿ.ವಿ. ಆಯಿತು. ಅದೇ ವರ್ಷ ಆ ಮಾನ್ಯತೆ ಪಡೆದ ಜೈನ್ ವಿ.ವಿ. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿ.ವಿ. ಕ್ರೀಡಾಕೂಟದಲ್ಲಿ 20 ಚಿನ್ನ ಗೆದ್ದು ಅಗ್ರಸ್ಥಾನ ಪಡೆಯಿತು. ಸೌಲಭ್ಯ ಇರುವೆಡೆಗೆ ಪ್ರತಿಭೆ ಹರಿಯುವುದು ಸಹಜ. ಸರ್ಕಾರಿ ಕಾಲೇಜಿನಲ್ಲಿ ಬೆಳಗಿದ ಆಟಗಾರ ಮರುವರ್ಷ ಬೇರೊಂದು ವಿ.ವಿ.ಯ ಬಣ್ಣ ತೊಟ್ಟರೆ ಅಚ್ಚರಿಯಿಲ್ಲ.

ಮುಂದೇನು?

ಈಗ ಗಾಳಿ ವಿಲೀನದತ್ತ ತಿರುಗಿದೆ. 2023ರಲ್ಲಿ ಕೊಡಗು, ಹಾಸನ, ಹಾವೇರಿ, ಕೊಪ್ಪಳ ಸೇರಿದಂತೆ ಏಳು ಹೊಸ ವಿ.ವಿ.ಗಳು ಆರಂಭವಾದವು. ಹಣಕಾಸಿನ ಕೊರತೆಯ ಕಾರಣ ನೀಡಿ, ಅವುಗಳ ಪೈಕಿ ಆರು ವಿ.ವಿ.ಗಳೂ ಸೇರಿದಂತೆ ಒಂಬತ್ತನ್ನು ಮುಚ್ಚಬೇಕೆಂಬ ನಿಲುವನ್ನು ಸಚಿವ ಸಂಪುಟದ ಉಪಸಮಿತಿ 2025ರ ಫೆಬ್ರುವರಿಯಲ್ಲಿ ತಳೆಯಿತು. ಬೆಂಗಳೂರು ಉತ್ತರ ವಿ.ವಿ. ಆ ಪಟ್ಟಿಯಲ್ಲಿರಲಿಲ್ಲ. ಆದರೆ ಕೊಡಗು ಇತ್ತು. ಹಾಕಿಯ ತವರಾದ ಆ ಜಿಲ್ಲೆಗೆ ಮಂಗಳೂರು ವಿ.ವಿ.ಯಿಂದ ಬೇರ್ಪಟ್ಟಾಗ ಸ್ವಂತ ವಿ.ವಿ. ತಂಡದ ಅವಕಾಶ ಬಂದಿತ್ತು. ಮತ್ತೆ ವಿಲೀನವಾದರೆ ಆ ಅವಕಾಶ ಇಲ್ಲವಾಗುತ್ತದೆ.

ವಿಲೀನವೋ ವಿಭಜನೆಯೋ, ಸರ್ಕಾರಿ ಕಡತದಲ್ಲಿ ಕ್ರೀಡೆಗೂ ಒಂದು ಪುಟ ಇರಬೇಕಾದುದು ಅಗತ್ಯ. ಜಿಲ್ಲಾ ಕ್ರೀಡಾಂಗಣ ಮತ್ತು ತರಬೇತುದಾರರನ್ನು ನೆರೆಯ ವಿ.ವಿ.ಗಳು ಹಂಚಿಕೊಂಡು ಬಳಸಿದರೆ, ತಂಡಗಳನ್ನು ಕಡಿತ ಮಾಡದೆಯೇ ವೆಚ್ಚ ತಗ್ಗಿಸಬಹುದು. ತಾಲ್ಲೂಕು ಮಟ್ಟದಲ್ಲೇ ಮೊದಲ ಹಂತದ ಆಯ್ಕೆ ನಡೆದರೆ, ಬಸ್ ವೆಚ್ಚಕ್ಕೆ ಹೆದರಿ ಹಿಂದೆ ಸರಿಯುವವರೂ ಮೈದಾನಕ್ಕೆ ಬಂದಾರು. ಒಂದು ಕಾಲಕ್ಕೆ ಗಣಿ ಕಂಪೆನಿಯ ಆಶ್ರಯದಲ್ಲಿ ಫುಟ್‌ಬಾಲ್, ಹಾಕಿ ಬೆಳೆದ ಕೆಜಿಎಫ್ ಸುತ್ತಲಿನ ಊರುಗಳಲ್ಲಿ ಆ ಆಶ್ರಯ ಈಗ ಉಳಿದಿಲ್ಲ. ಗಡಿ ಎಲ್ಲೇ ಬೀಳಲಿ, ಆ ಹೊಣೆಯನ್ನು ಹೊರಬೇಕಾದುದು ವಿ.ವಿ.ಯೇ.